ಜೇಲಿನೊಳಗಿನ ಮಹಾಮಾರಿ, ಹೊರಗಿನ ನಾವು



ಕೊರೋನಾ ಕಾಲದ ಮಾತು ಬಂದಾಗಲೆಲ್ಲ ನಮ್ಮ ಹೋಟೆಲು ಬಾಂಧವರ ಬಾಯಿಂದ ಬರುವ ಮಾತೊಂದಿದೆ: "ಆ ಎರಡು ಮೂರು ತಿಂಗಳು ನಾವೂ ಜೇಲಿನಲ್ಲೇ ಇದ್ದಂತೆ ಇದ್ದೆವು." ನಾವೂ ಹಾಗೆಂದು ಹೇಳಿದ್ದುಂಟು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಸಾರಿದ ಮೇಲೆ ಹೋಟೆಲಿನ ಶಟರು ಬಿತ್ತು. ಅಡುಗೆಮನೆಯ ಮೇಲಿನ ಪೋಟ್‌ಮಾಳದಲ್ಲಿ ಹದಿನಾಲ್ಕು ಮಂದಿ, ಒಬ್ಬನ ಕಾಲ ಬಳಿ ಇನ್ನೊಬ್ಬನ ತಲೆ. ಇಡ್ಲಿಗೆಂದು ತಂದಿಟ್ಟಿದ್ದ ಅಕ್ಕಿ ಮೊದಲು ಅನ್ನವಾಯಿತು, ಮತ್ತೆ ಗಂಜಿಯಾಯಿತು. ಕೆಳಗಿಳಿದು ಬೀದಿಗೆ ಕಾಲಿಟ್ಟರೆ ಪೋಲೀಸರ ಲಾಠಿ. ಚಾಳುಗಳಲ್ಲಿದ್ದ ನಮ್ಮ ಗಿರಣಿಯ ಹಿರಿಯರ ಪಾಡೂ ಇದಕ್ಕಿಂತ ಸುಖದ್ದಾಗಿರಲಿಲ್ಲ. ಹತ್ತು ಖೋಲಿಗೆ ಒಂದು ಸಂಡಾಸು, ಅದರ ಬಾಗಿಲಿಗೆ ಕೈ ತಾಗಿಸಲು ಭಯ.

ಇದೆಲ್ಲ ಕಷ್ಟವೇ ಹೌದು. ಆದರೆ ಜೇಲು ಅಲ್ಲ. ಇದನ್ನು ಈಗ, ಐದು ವರ್ಷ ಕಳೆದ ಮೇಲೆ, ಬರೆಯಲು ಕಾರಣವಿದೆ. ಆ ಕಾರಣವು ನಮಗೆ ಗೌರವ ತರುವಂಥದಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಪೋಟ್‌ಮಾಳದಲ್ಲಿ ಒಬ್ಬನಿಗೆ ಜ್ವರ ಬಂದಾಗ ನಾವು ಅವನನ್ನು ಕೆಳಗೆ ಮೇಜುಗಳ ನಡುವೆ ಮಲಗಿಸಿ, ನಾವು ಮೇಲೆಯೇ ಉಳಿದೆವು. ಕಿಟಕಿ ತೆರೆದೆವು. ಊರಿಗೆ ಫೋನು ಮಾಡಿದೆವು. ಮೇ ತಿಂಗಳಲ್ಲಿ ಊರಿಗೆ ಹೋಗಲು ಪಾಸು ಸಿಕ್ಕವರು ಬಸ್ಸು ಹತ್ತಿದರು, ಸಿಗದವರು ಸಿಗದೆಯೂ ಹೊರಟರು. ಹೋಗಬೇಕೋ ಇರಬೇಕೋ ಎಂಬ ಯೋಚನೆಯಾದರೂ ನಮ್ಮದಾಗಿತ್ತು. ಸಾತ್ ರಸ್ತಾದ ಹತ್ತಿರದ ಎತ್ತರದ ಗೋಡೆಯ ಒಳಗಿದ್ದವರಿಗೆ ಆ ಯೋಚನೆಯೂ ಇರಲಿಲ್ಲ.

ಆರ್ಥರ್ ರೋಡ್ ಜೇಲನ್ನು ನಮ್ಮ ಗಿರಣಿ ಬಾಂಧವರಿಗೆ ತೋರಿಸಿಕೊಡಬೇಕಾಗಿಲ್ಲ. ಪಾಳಿ ಮುಗಿಸಿ ಬರುವಾಗ ಅದರ ಗೋಡೆಯ ಪಕ್ಕದಲ್ಲೇ ನಡೆದವರು ಎಷ್ಟೋ ಮಂದಿ. ಅದೇ ರಸ್ತೆಯಲ್ಲಿ ಕಸ್ತೂರಬಾ ಆಸ್ಪತ್ರೆ ಇದೆ. ಪ್ಲೇಗಿನ ಕಾಲದಿಂದಲೂ ಅದು ಅಂಟುರೋಗಗಳ ಆಸ್ಪತ್ರೆ, ಕೊರೋನಾ ಬಂದಾಗ ಮುಂಬಯಿಯ ಮೊದಲ ರೋಗಿಗಳನ್ನು ಕರೆದೊಯ್ದದ್ದೂ ಅಲ್ಲಿಗೇ. ಅಂಟುರೋಗಿಯನ್ನು ಜನರಿಂದ ಬೇರ್ಪಡಿಸಿ ಇಡುವ ಮನೆ, ಜನರನ್ನು ಒತ್ತೊತ್ತಾಗಿ ಕೂಡಿಡುವ ಮನೆ, ಎರಡೂ ಒಂದೇ ರಸ್ತೆಯ ಮೇಲಿವೆ.

ಆ ಜೇಲನ್ನು ಕಟ್ಟಿದ್ದು 804 ಜನರಿಗೆಂದು. 2020ರ ಮೇ ತಿಂಗಳಲ್ಲಿ, ಬಿಡುಗಡೆಗಳು ಆರಂಭವಾಗಿದ್ದ ಮೇಲೆ ಕೂಡ, ಒಳಗಿದ್ದವರು 2,800ಕ್ಕೂ ಮಿಕ್ಕಿ. ಕೇಂದ್ರ ಸರಕಾರದ ಮಾದರಿ ಜೇಲು ಕೈಪಿಡಿ ಒಬ್ಬ ಕೈದಿಗೆ ಮಲಗುವ ಬರಾಕಿನಲ್ಲಿ ಸುಮಾರು 40 ಚದರ ಅಡಿ ಜಾಗವಿರಬೇಕೆನ್ನುತ್ತದೆ. ಮೂರೂವರೆ ಪಟ್ಟು ಜನ ತುಂಬಿದರೆ ಆ ಲೆಕ್ಕದಲ್ಲಿ ಒಬ್ಬನ ಪಾಲಿಗೆ ಬರುವುದು ಹನ್ನೊಂದು ಹನ್ನೆರಡು ಚದರ ಅಡಿ. ಆರಡಿ ಉದ್ದ, ಎರಡಡಿ ಅಗಲದ ಒಂದು ಚಾಪೆ ಹಾಸಿದರೆ ಮುಗಿಯಿತು. ನಡೆಯಲು, ಕೂರಲು, ಕೆಮ್ಮುವವನಿಂದ ದೂರ ಸರಿಯಲು ಬೇರೆ ಜಾಗವಿಲ್ಲ. ಹೊರಗೆ ರೇಡಿಯೋ, ಟಿ.ವಿ., ಫೋನಿನ ರಿಂಗು ಎಲ್ಲವೂ ಒಂದೇ ಮಾತು ಸಾರುತ್ತಿದ್ದವು: ಆರಡಿ ಅಂತರವಿರಲಿ, ಕೈ ತೊಳೆಯಿರಿ. ಅಂತರ ಎಲ್ಲಿಂದ ತರುವುದು? ಕೈ ತೊಳೆಯುವುದಕ್ಕೆ ನಲ್ಲಿಯ ಮುಂದೆ ಸಾಲು, ಆ ಸಾಲಿನಲ್ಲಿ ಮತ್ತೆ ಮೈಗೆ ಮೈ.

ಮೇ ಮೊದಲ ವಾರದಲ್ಲಿ ಸುದ್ದಿ ಹೊರಬಿತ್ತು. ಆರ್ಥರ್ ರೋಡ್ ಜೇಲಿನಲ್ಲಿ 77 ಕೈದಿಗಳಿಗೂ 26 ಸಿಬ್ಬಂದಿಗೂ ಸೋಂಕು ತಗಲಿತ್ತು. ಕೆಲವೇ ದಿನಗಳಲ್ಲಿ ಸೋಂಕಿತ ಕೈದಿಗಳ ಸಂಖ್ಯೆ 150 ದಾಟಿತು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಜೇಲಿನ ಸಿಬ್ಬಂದಿಯೂ ನಮ್ಮಂತೆ ಸಂಬಳಕ್ಕೆ ದುಡಿಯುವವರೇ. ಸೋಂಕು ಒಳಗೆ ಬಾರದಿರಲೆಂದು ರಾಜ್ಯದ ಕೆಲವು ಜೇಲುಗಳ ಹೆಬ್ಬಾಗಿಲನ್ನು ಏಪ್ರಿಲಿನಿಂದಲೇ ಪೂರ್ತಿಯಾಗಿ ಮುಚ್ಚಿದಾಗ, ಪಾಳಿಯ ಸಿಬ್ಬಂದಿ ದಿನಗಟ್ಟಲೆ ಒಳಗೇ ಉಳಿದರು. ಬೀಗ ಹಾಕುವವನೂ ಬೀಗದ ಒಳಗೇ. ಅವರ ಮನೆಯವರ ದುಗುಡವನ್ನು ನಾವು ಊಹಿಸಬಲ್ಲೆವು.

ಈ ನಗರದಲ್ಲಿ ಜೇಲಿಗೂ ಮಹಾಮಾರಿಗೂ ಹಳೆಯ ನಂಟು. 1896ರಲ್ಲಿ ಮಾಂಡವಿಯ ಕಡೆಯಿಂದ ಪ್ಲೇಗು ಎದ್ದು, ಗಿರಣಿ ಕಾರ್ಮಿಕರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಓಡಿದ ಕಥೆಯನ್ನು ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದಾರೆ. 1897ರ ಜನವರಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೆ ಚುಚ್ಚಿಕೊಂಡು, ಆಮೇಲೆ ಅದರ ಗುಣವನ್ನು ಪರೀಕ್ಷಿಸಿದ್ದು ಬೈಕುಳಾ ಜೇಲಿನ ಕೈದಿಗಳ ಮೇಲೆ. ಅಲ್ಲಿ ಪ್ಲೇಗು ಕಾಣಿಸಿಕೊಂಡಿತ್ತು. ಸುಮಾರು ಅರ್ಧದಷ್ಟು ಕೈದಿಗಳು ಚುಚ್ಚಿಸಿಕೊಂಡರು, ಉಳಿದವರು ಹಾಗೆಯೇ ಇದ್ದರು. ಚುಚ್ಚಿಸಿಕೊಂಡವರಲ್ಲಿ ರೋಗವೂ ಸಾವೂ ಕಡಿಮೆಯಾದುದನ್ನು ಕಂಡ ಮೇಲೆಯೇ ಊರ ಜನರಿಗೆ ಧೈರ್ಯ ಬಂತು. ಪರೇಲಿನಲ್ಲಿ ಆತನ ಹೆಸರಿನ ಸಂಸ್ಥೆ ಇಂದಿಗೂ ಇದೆ. ಆ ಕೈದಿಗಳ ಹೆಸರಿನ ಕಲ್ಲು ಎಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಂದು ಲಸಿಕೆಗೆ ಕೈದಿಯೇ ಮೊದಲಿಗ. 2021ರಲ್ಲಾದರೋ, ಗುರುತಿನ ಚೀಟಿ ಇಲ್ಲದ ಕೈದಿಗಳಿಗೂ ಲಸಿಕೆ ಹಾಕಬಹುದೆಂಬ ಕೇಂದ್ರದ ಸೂಚನೆ ಬಂದದ್ದು ಮೇ ತಿಂಗಳಲ್ಲಿ, ಎರಡನೆಯ ಅಲೆ ತಲೆಯ ಮೇಲೆ ಬಂದು ಬಡಿದ ಮೇಲೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೈಕುಳಾದ ಹೆಂಗಸರ ಜೇಲಿನಲ್ಲಿ 39 ಮಂದಿಗೆ ಸೋಂಕು ಕಂಡುಬಂತು. ಅವರಲ್ಲಿ ಆರು ಮಂದಿ ಮಕ್ಕಳು. ಆರು ವರ್ಷದೊಳಗಿನ ಮಕ್ಕಳನ್ನು ತಾಯಿಯ ಜೊತೆಯಲ್ಲಿ ಇರಗೊಡುವ ನಿಯಮವಿದೆ. ಆ ಮಕ್ಕಳು ಯಾವ ಅಪರಾಧ ಮಾಡಿದ್ದರು?

ಸರ್ವೋಚ್ಚ ನ್ಯಾಯಾಲಯ ಇದನ್ನು ಮುಂಚಿತವಾಗಿಯೇ ಕಂಡಿತ್ತೆಂಬುದನ್ನು ಒಪ್ಪಬೇಕು. ಯಾರೂ ಅರ್ಜಿ ಹಾಕದೆ, ತಾನಾಗಿಯೇ 2020ರ ಮಾರ್ಚಿನಲ್ಲಿ ವಿಷಯವನ್ನು ಕೈಗೆತ್ತಿಕೊಂಡು, ಲಾಕ್‌ಡೌನಿನ ಹಿಂದಿನ ದಿನವಾದ ಮಾರ್ಚ್ 23ರಂದು ಆಜ್ಞೆ ಮಾಡಿತು: ಪ್ರತಿ ರಾಜ್ಯವೂ ಒಂದು ಉನ್ನತಾಧಿಕಾರ ಸಮಿತಿಯನ್ನು ರಚಿಸಿ, ಯಾರನ್ನು ಪರೋಲಿನ ಮೇಲೆ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ಗೊತ್ತುಮಾಡಲಿ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳವರನ್ನು ಗಮನಿಸಲಿ. ಮಹಾರಾಷ್ಟ್ರದ ಸಮಿತಿ ಎರಡೇ ದಿನದಲ್ಲಿ ಕೂತು ತೀರ್ಮಾನಿಸಿತು. ಸುಮಾರು 11,000 ಕೈದಿಗಳು ಹೊರಬರುವರೆಂದು ಗೃಹಮಂತ್ರಿಗಳು ಸಾರಿದರು. ಆರ್ಥರ್ ರೋಡಿನ ಸುದ್ದಿ ಬಂದ ಮೇಲೆ ಮೇ ತಿಂಗಳಲ್ಲಿ ಆ ಸಂಖ್ಯೆಯನ್ನು 17,000ಕ್ಕೆ ಏರಿಸಿದರು. ಕಾಗದದಲ್ಲಿ ಬಾಗಿಲು ತೆರೆದಿತ್ತು.

ಈಗ ಸರಕಾರವೇ ಅಚ್ಚು ಹಾಕಿಸಿದ ಜೇಲು ಅಂಕಿಸಂಖ್ಯೆಗಳ ಪುಸ್ತಕವನ್ನು ನೋಡೋಣ. 2019ರ ಕೊನೆಯಲ್ಲಿ ಇಡೀ ದೇಶದ ಜೇಲುಗಳಲ್ಲಿದ್ದವರು 4,78,600. ಮಹಾಮಾರಿಯ ವರ್ಷ ಕಳೆದು 2020ರ ಕೊನೆಗೆ 4,88,511. ಕಡಿಮೆಯಾಗಬೇಕಾದದ್ದು ಹೆಚ್ಚಾಗಿದೆ! ಇದು ಹೇಗಾಯಿತು? ಶಿಕ್ಷೆಯಾದ ಕೈದಿಗಳ ಸಂಖ್ಯೆ ನಿಜವಾಗಿಯೂ ಇಳಿದಿತ್ತು, 1,44,125ರಿಂದ 1,12,589ಕ್ಕೆ. ಏರಿದ್ದು ವಿಚಾರಣೆಯೇ ಮುಗಿಯದವರ ಸಂಖ್ಯೆ. ಮುಂಬಯಿಯ ಮಾತಿನಲ್ಲಿ ಹೇಳುವುದಾದರೆ ಕಚ್ಚಾ ಕೈದಿಗಳದು. 3,30,487 ಇದ್ದವರು 3,71,848 ಆದರು. ಮರುವರ್ಷ 4,27,165. ಅಪರಾಧ ಮಾಡಿದನೆಂದು ಕೋರ್ಟು ಹೇಳಿದವನು ಪರೋಲಿನ ಮೇಲೆ ಮನೆಗೆ ಹೋದ. ಮಾಡಿದನೋ ಇಲ್ಲವೋ ಎಂದು ಇನ್ನೂ ಗೊತ್ತಾಗದವನು ಒಳಗುಳಿದ, ಅವನ ಮಗ್ಗುಲಿಗೆ ಇನ್ನೊಬ್ಬ ಬಂದು ಬಿದ್ದ. ಪೋಲೀಸರು ಹಿಡಿಯುವುದು ನಿಲ್ಲಲಿಲ್ಲ, ಕೋರ್ಟುಗಳು ಮಾತ್ರ ಬಹುಪಾಲು ನಿಂತಿದ್ದವು. ತಾರೀಖಿನ ಮೇಲೆ ತಾರೀಖು.

ಇನ್ನೂ ಕಠಿಣವಾದ ಕಾನೂನುಗಳಡಿ ಹಿಡಿಯಲ್ಪಟ್ಟವರನ್ನು ಸಮಿತಿಯ ಪಟ್ಟಿಯಿಂದಲೇ ಹೊರಗಿಟ್ಟರು. ಫಾದರ್ ಸ್ಟ್ಯಾನ್ ಸ್ವಾಮಿಯವರ ಸಂಗತಿ ಪತ್ರಿಕೆ ಓದುವ ಎಲ್ಲರಿಗೂ ತಿಳಿದದ್ದೇ. ಒಂದು ಕಾಲದಲ್ಲಿ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಅವರನ್ನು 2020ರ ಅಕ್ಟೋಬರಿನಲ್ಲಿ ರಾಂಚಿಯಿಂದ ಹಿಡಿದು ತಂದು ತಳೋಜಾ ಜೇಲಿನಲ್ಲಿಟ್ಟರು. ಎಂಬತ್ತು ದಾಟಿದ ಮುದುಕರು, ನಡುಕದ ಕಾಯಿಲೆ. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ನೀರು ಕುಡಿಯಲು ಒಂದು ಸ್ಟ್ರಾ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದರೆ, ಉತ್ತರ ಕೊಡಲು ತನಿಖೆಯವರು 20 ದಿನ ಕೇಳಿದರು. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, ಸೋಂಕು ತಗಲಿದ್ದ ಆ ದೇಹ ಬಾಂದ್ರಾದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿತು. ಅವರ ಮೊಕದ್ದಮೆಯ ಗುಣದೋಷ ನಮ್ಮ ಈ ಬರಹದ ವಿಷಯವಲ್ಲ. ದೊಡ್ಡ ವಕೀಲರಿದ್ದು, ದಿನಪತ್ರಿಕೆಗಳಲ್ಲಿ ಹೆಸರಿದ್ದು, ಕೇಳುವವರಿದ್ದವರ ಗತಿಯೇ ಹೀಗಾದರೆ ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯುವ ಹುಡುಗನ ಗತಿ ಏನಾದೀತು?

ಏನಾಯಿತೆಂಬುದು ನಮಗೆ ಗೊತ್ತಿದೆ.

ಹುಡುಗನ ಹೆಸರನ್ನು ಬರೆಯುವುದಿಲ್ಲ. ಕುಂದಾಪುರದ ಕಡೆಯವನು, ಆಗ ಇಪ್ಪತ್ತೆರಡು ವರ್ಷ. ಮೋರಿಯಿಂದ ಆರಂಭಿಸಿ ವೈಟರನಾಗಿ, ಗಲ್ಲಾದ ಹತ್ತಿರ ನಿಲ್ಲುವಷ್ಟು ನಂಬಿಗೆ ಗಳಿಸಿದ್ದ. 2020ರ ಫೆಬ್ರವರಿಯಲ್ಲಿ ಗಲ್ಲಾದಲ್ಲಿ ಹದಿನೆಂಟು ಸಾವಿರ ಕಡಿಮೆ ಬಂತು. ಧಣಿಗಳು ಪೋಲೀಸರಿಗೆ ಹೇಳಿದರು. ಕೆಲಸದವನು ಯಜಮಾನನ ಸೊತ್ತು ಕದ್ದರೆ ಆಗಿನ ಕಾನೂನಿನಲ್ಲಿ 381ನೇ ಕಲಮು. ಹೆಚ್ಚೆಂದರೆ ಏಳು ವರ್ಷದ ಶಿಕ್ಷೆ. ಹೀಗಾಗಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಗೆರೆಯ ಒಳಗೇ ಅವನಿದ್ದ. ಏಪ್ರಿಲಿನಲ್ಲಿ ಜಾಮೀನೂ ಮಂಜೂರಾಯಿತು. ಹದಿನೈದು ಸಾವಿರದ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ.

ಆ "ಸ್ಥಳೀಯ" ಎಂಬ ಒಂದು ಪದ ಅವನನ್ನು ಇನ್ನೂ ಐದು ತಿಂಗಳು ಒಳಗಿಟ್ಟಿತು.

ಊರಿನಲ್ಲಿ ಅವನ ಸೋದರಮಾವನಿಗೆ ಅರವತ್ತು ಸೆಂಟ್ಸು ತೋಟವಿದೆ. ಪಹಣಿ ಕಳುಹಿಸಲು ಮಾವ ಸಿದ್ಧರಿದ್ದರು. ಕುಂದಾಪುರದ ತೋಟ ಮುಂಬಯಿ ಕೋರ್ಟಿಗೆ ಸಲ್ಲದೆಂದು ಹೇಳಿದರು. ಬೇಕಾದದ್ದು ಮುಂಬಯಿಯ ರೇಷನ್ ಕಾರ್ಡು, ಮುಂಬಯಿಯ ಬಾಡಿಗೆ ಕಾಗದ, ಮುಂಬಯಿಯ ಸಂಬಳದ ಚೀಟಿ. ಹತ್ತು ವರ್ಷ ಈ ನಗರದ ಜನರಿಗೆ ಚಹಾ ಕೊಟ್ಟವನಿಗೂ ಈ ನಗರದಲ್ಲಿ ವಿಳಾಸವಿಲ್ಲ. ಅವನ ವಿಳಾಸ ಹೋಟೆಲಿನ ಪೋಟ್‌ಮಾಳ, ಅದರ ಧಣಿಯೇ ಫಿರ್ಯಾದಿ.

ಒಳಗಿನ ಆ ತಿಂಗಳುಗಳ ಬಗ್ಗೆ ಅವನು ಹೆಚ್ಚು ಮಾತಾಡುವುದಿಲ್ಲ. ಹೇಳಿದ್ದಿಷ್ಟು: ರಾತ್ರಿ ಮಗ್ಗುಲು ಬದಲಿಸಬೇಕಾದರೆ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಬದಲಿಸಬೇಕು. ಮಾರ್ಚಿನಲ್ಲಿ ಮುಲಾಖಾತ್ ನಿಂತಿತು, ಕೋರ್ಟಿಗೆ ಕರೆದೊಯ್ಯುವುದೂ ನಿಂತಿತು. ಹೊರಗಿನ ಗಾಳಿ, ಹೊರಗಿನ ಮುಖ, ಎರಡೂ ಒಂದೇ ದಿನ ಹೋದವು. (ಕಲ್ಕತ್ತೆಯ ದಮ್‌ದಮ್ ಜೇಲಿನಲ್ಲಿ ಇದೇ ಕಾರಣಕ್ಕೆ ಮಾರ್ಚ್ 21ರಂದು ಗಲಭೆಯೆದ್ದು ಪ್ರಾಣಹಾನಿಯಾದುದನ್ನು ಓದುಗರು ಮರೆತಿರಲಾರರು.) ಮನೆಯಿಂದ ಮನಿಯಾರ್ಡರು ಬಾರದೆ ಕ್ಯಾಂಟೀನಿನ ಸಾಬೂನಿಗೂ ಕಾಸಿಲ್ಲ. ಯಾರಾದರೂ ಕೆಮ್ಮಿದರೆ ಬರಾಕಿನ ಎಲ್ಲರ ಕಣ್ಣೂ ಅವನ ಮೇಲೆ. ಆದುದರಿಂದ ಕೆಮ್ಮು ಬಂದವನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದ. ಜೂನಿನಲ್ಲಿ ಇವನಿಗೇ ಜ್ವರ ಬಂತು. ಹೇಳಿದರೆ ಎಲ್ಲಿಗೋ ಒಯ್ಯುವರೆಂಬ ಹೆದರಿಕೆಯಿಂದ ನಾಲ್ಕು ದಿನ ಹೇಳಲಿಲ್ಲ. ಬದುಕಿದ. ಪಕ್ಕದಲ್ಲಿ ಮಲಗುತ್ತಿದ್ದ ಮುದುಕನನ್ನು ಒಯ್ದರು. ಆತ ಮತ್ತೆ ಆ ಬರಾಕಿಗೆ ಬರಲಿಲ್ಲ. ಗುಣವಾಗಿ ಬೇರೆಡೆ ಹೋದನೋ ಏನೋ ಇವನಿಗೆ ಯಾರೂ ಹೇಳಲಿಲ್ಲ.

ಮುಲಾಖಾತಿಗೆ ಬದಲಾಗಿ ಫೋನು ಮಾಡಲು ಬಿಟ್ಟರು. ಎದುರಿಗೆ ಸಿಬ್ಬಂದಿ ನಿಂತಿರುತ್ತಾರೆ, ಆಡುವ ಮಾತು ಅವರಿಗೆ ತಿಳಿಯಬೇಕು. ಹಿಂದಿಯಲ್ಲಿ ಮಾತಾಡು, ಇಲ್ಲವೇ ಮರಾಠಿಯಲ್ಲಿ ಎಂದರಂತೆ. ತಾಯಿಗೆ ಕುಂದಾಪುರದ ಕನ್ನಡವೊಂದೇ ಬರುವುದು. ಹುಡುಗ ಹಿಂದಿಯಲ್ಲಿ "ಮೈ ಠೀಕ್ ಹೂಂ" ಎಂದ. ಆ ಕಡೆಯಿಂದ ತಾಯಿ, "ಎಂತ ಹೇಳ್ತೆ ಮಗಾ? ಗೊತ್ತಾತಿಲ್ಲೆ" ಎಂದರು. ಇವನು ಮತ್ತೆ ಅದನ್ನೇ ಹೇಳಿದ. ಹೊತ್ತು ಮುಗಿಯಿತು. ತಾಯಿ ಅಂದು ಸಂಜೆ ಪಕ್ಕದ ಮನೆಯ ಮಾಸ್ತರರ ಹತ್ತಿರ ಹೋಗಿ, ಮಗ ಹೇಳಿದ ಮಾತನ್ನು ಕಿವಿಗೆ ಕೇಳಿದ ಹಾಗೆ ಉಚ್ಚರಿಸಿ, ಅರ್ಥ ಕೇಳಿಕೊಂಡು ಬಂದರು.

ಇನ್ನು ನಮ್ಮ ಮಾತು.

ಏಪ್ರಿಲ್ ಕೊನೆಯಲ್ಲಿ ಅವನ ವಕೀಲರು ನಮ್ಮ ಸಂಘಕ್ಕೆ ಫೋನು ಮಾಡಿ, ಒಬ್ಬ ಜಾಮೀನುದಾರ ಸಿಕ್ಕಿದರೆ ಸಾಕೆಂದರು. ಸಮಿತಿಯ ಏಳು ಮಂದಿ ಫೋನಿನಲ್ಲೇ ಸಭೆ ನಡೆಸಿದೆವು. ಒಬ್ಬರ ರೇಷನ್ ಕಾರ್ಡು ಊರಿನಲ್ಲಿತ್ತು. ಒಬ್ಬರಿಗೆ ಕೋರ್ಟಿನ ಮೆಟ್ಟಿಲು ಹತ್ತಿ ರೂಢಿಯಿಲ್ಲ. ಒಬ್ಬರು "ಸಂಘವು ಕಳ್ಳನ ಬೆನ್ನಿಗೆ ನಿಂತಿತೆಂಬ ಹೆಸರು ಬರುವುದಿಲ್ಲವೇ?" ಎಂದರು. ಕೊನೆಗೆ ಒಬ್ಬರು, ಎಲ್ಲರ ಮನಸ್ಸಿನಲ್ಲಿದ್ದ ಮಾತನ್ನು ಆಡಿಯೇಬಿಟ್ಟರು: ಆ ಧಣಿಗಳು ನಮ್ಮ ವಾರ್ಷಿಕೋತ್ಸವದ ಸಂಚಿಕೆಗೆ ಪ್ರತಿ ವರ್ಷ ಪೂರ್ಣಪುಟದ ಜಾಹೀರಾತು ಕೊಡುವವರು. ನಮ್ಮ ಬಳಿ, ಈ ಸಾಲು ಬರೆಯುತ್ತಿರುವ ನಮ್ಮ ಬಳಿ, ಮುಂಬಯಿಯ ರೇಷನ್ ಕಾರ್ಡೂ ಇತ್ತು, ಬಾಡಿಗೆ ಕಾಗದವೂ ಇತ್ತು. ನಾವು ಬಾಯಿ ಬಿಡಲಿಲ್ಲ. "ಲಾಕ್‌ಡೌನ್ ಸಡಿಲವಾದ ಮೇಲೆ ನೋಡೋಣ" ಎಂದು ಠರಾವಾಯಿತು. ಆ ಠರಾವಿನ ಕೆಳಗೆ ನಮ್ಮ ರುಜು ಇದೆ.

ಧಣಿಗಳೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಆ ದಿನಗಳಲ್ಲಿ ಬಾಗಿಲು ಮುಚ್ಚಿದ್ದರೂ ಕೆಲಸದವರಿಗೆ ಎರಡು ಹೊತ್ತು ಅನ್ನ ಹಾಕಿದವರಿದ್ದಾರೆ. ಹೆದರಿದವರು ನಾವು. ನಮ್ಮಲ್ಲಿ 1982ರ ಗಿರಣಿ ಮುಷ್ಕರದ ಕಾಲದಲ್ಲಿ ಜೇಲು ಕಂಡು ಬಂದ ಹಿರಿಯರೊಬ್ಬರಿದ್ದಾರೆ. ಈ ಸಂಗತಿ ತಿಳಿದಾಗ ಅವರು ಬೈಯಲಿಲ್ಲ. "ನಾವು ಒಳಗೆ ಹೋದಾಗ ಹೊರಗೆ ಯೂನಿಯನ್ ಇತ್ತು" ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹುಡುಗ ಹೊರಬಂದದ್ದು ಸೆಪ್ಟೆಂಬರಿನಲ್ಲಿ, ನಮ್ಮಿಂದಲ್ಲ. ಉಚಿತ ಕಾನೂನು ನೆರವಿನ ವಕೀಲರೊಬ್ಬರು ಅರ್ಜಿ ಹಾಕಿ, ಜಾಮೀನುದಾರನ ಬದಲು ನಗದು ಕಟ್ಟುವಂತೆ ಆಜ್ಞೆ ಮಾಡಿಸಿಕೊಂಡರು. ಹಣವನ್ನು ಮಾವ ಕಳುಹಿಸಿದರು. 2023ರಲ್ಲಿ ಮೊಕದ್ದಮೆ ಖುಲಾಸೆಯಾಯಿತು. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಏಳು ತಿಂಗಳ ಜೇಲಿಗೆ ಯಾರೂ ಲೆಕ್ಕ ಕೊಡಲಿಲ್ಲ. ಅವನೀಗ ಹೋಟೆಲಿನಲ್ಲಿಲ್ಲ, ಒಂದು ಕೊರಿಯರ್ ಕಂಪನಿಯಲ್ಲಿದ್ದಾನೆ. ಸಂಘದ ಕಡೆಗೆ ಬರುವುದಿಲ್ಲ. ಇದನ್ನು ಬರೆಯಬಹುದೇ ಎಂದು ಕೇಳಿಸಿದಾಗ, ಬರೆಯಿರಿ, ಹೆಸರು ಬೇಡ ಎಂದ. ನಾವು ಬರೆದುದನ್ನು ಓದಿಸಿ, ಒಂದು ತಪ್ಪು ತಿದ್ದಿಸಿದ: ನಾವು ಫೋನಿಗೆ ಹತ್ತು ನಿಮಿಷ ಬಿಡುತ್ತಿದ್ದರೆಂದು ಬರೆದಿದ್ದೆವು. ಅಷ್ಟು ಎಲ್ಲಿ ಬಿಡುತ್ತಿದ್ದರು ಎಂದನಂತೆ.

ನಮ್ಮ ಅಜ್ಞಾನವೂ ಇಲ್ಲಿ ಸೇರಿತ್ತೆಂದು ಆಮೇಲೆ ಓದಿದಾಗ ತಿಳಿಯಿತು. ಕುಂದಾಪುರದ ತೋಟ ಸಲ್ಲದೆಂಬ ಮಾತನ್ನು ನಾವು ಕಾನೂನೆಂದು ನಂಬಿದ್ದೆವು. 1978ರಲ್ಲೇ ಮೋತಿರಾಮ್ ಎಂಬ ಮಧ್ಯಪ್ರದೇಶದ ಗಾರೆ ಕೆಲಸದವನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದೇ ಪ್ರಶ್ನೆಯನ್ನು ಎತ್ತಿದ್ದರು. ಹತ್ತು ಸಾವಿರದ ಜಾಮೀನು ಕೇಳಿ, ಅಣ್ಣತಮ್ಮಂದಿರ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಮ್ಯಾಜಿಸ್ಟ್ರೇಟರು ಜಾಮೀನುದಾರನನ್ನು ತಳ್ಳಿಹಾಕಿದ್ದರು. ಸರ್ವೋಚ್ಚ ನ್ಯಾಯಾಲಯ ಅವನನ್ನು ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಹೇಳಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಕೇಳುತ್ತಾರೆ, ಒಬ್ಬ ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತರಿನಲ್ಲೋ ದಿಲ್ಲಿಯ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂದು. ನೋಡಿ, ಕನ್ನಡಿಗನೆಂಬ ಹೆಸರೇ ಅದರಲ್ಲಿದೆ! ನಾಲ್ವತ್ತು ವರ್ಷ ಹಳೆಯ ಆ ತೀರ್ಪನ್ನು ಮುಂಬಯಿಯ ಕನ್ನಡ ಕಾರ್ಮಿಕರ ಪತ್ರಿಕೆ ನಡೆಸುವ ನಾವು ಓದಿರಲಿಲ್ಲ. ಏಳನೇ ಇಯತ್ತೆ ಕಲಿತವರೆಂಬ ನೆವ ಹೇಳಿದರೆ ನಡೆಯದು, ಓದಿದವರನ್ನು ಕೇಳಬಹುದಿತ್ತು.

ಈಗಿನ ಸ್ಥಿತಿ ಏನೆಂದರೆ, 2020ರಲ್ಲಿ ಬಿಟ್ಟವರಿಗೂ 2021ರ ಎರಡನೆಯ ಅಲೆಯಲ್ಲಿ ಮತ್ತೆ ಬಿಟ್ಟವರಿಗೂ ಹದಿನೈದು ದಿನದೊಳಗೆ ಶರಣಾಗಬೇಕೆಂದು 2023ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಹಾಮಾರಿಗೆಂದು ತೆರೆದ ಬಾಗಿಲು ಅಲ್ಲಿಗೆ ಮುಚ್ಚಿತು. ಆದರೆ ಅದೇ ವರ್ಷದ ಜನವರಿ 31ರಂದು ಅದೇ ನ್ಯಾಯಾಲಯ ಜಾಮೀನಿನ ಬಗ್ಗೆ ಕೆಲವು ಸೂಚನೆಗಳನ್ನು ಕೊಟ್ಟಿತು, ಅವು ಉಳಿಯತಕ್ಕವು. ಜಾಮೀನು ಮಂಜೂರಾದ ಆಜ್ಞೆಯ ಪ್ರತಿ ಅಂದೋ ಮರುದಿನವೋ ಜೇಲಿನ ಮೂಲಕ ಕೈದಿಗೆ ತಲುಪಬೇಕು. ಏಳು ದಿನದಲ್ಲಿ ಅವನು ಹೊರಬರದಿದ್ದರೆ ಜೇಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಆಗದಿದ್ದರೆ ಷರತ್ತನ್ನು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಸ್ಥಳೀಯ ಜಾಮೀನುದಾರನ ಪಟ್ಟು ಬಿಡುಗಡೆಗೆ ಅಡ್ಡಿಯಾಗುವುದಾದರೆ ಆ ಷರತ್ತನ್ನೇ ಹಾಕದಿರಬಹುದು. ಅಲ್ಲದೆ 2024ರ ಜುಲೈಯಿಂದ ನಡೆಯುತ್ತಿರುವ ಹೊಸ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಶಿಕ್ಷೆಯೂ ಆಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಬಿಡಬೇಕು. ಮರಣದಂಡನೆ, ಆಜೀವ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವರಿಗೆ ಇದು ಸಲ್ಲದು. ಬಂಧನದಲ್ಲಿರುವ ಯಾರಿಗೇ ಆಗಲಿ, ಸಂಬಳ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೇಳುವ ಹಕ್ಕಿದೆ. ಫೋನು ನಂಬರು 15100. ಇದನ್ನು ಪೋಟ್‌ಮಾಳದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.

ಇವೆಲ್ಲ ಇದ್ದೂ, ಕಾಗದ ಹಿಡಿದು ಕೋರ್ಟಿಗೆ ಹೋಗಿ ನಿಲ್ಲುವ ಒಬ್ಬ ಮನುಷ್ಯ ಇನ್ನೂ ಬೇಕೇ ಬೇಕು. ಕಳೆದ ತಿಂಗಳು ಸಮಿತಿಯ ಮುಂದೆ ಮತ್ತೊಂದು ಜಾಮೀನಿನ ಮಾತು ಬಂತು. ಬೇರೆ ಹುಡುಗ, ಬೇರೆ ಹೋಟೆಲು, ಹೊಡೆದಾಟದ ಮೊಕದ್ದಮೆ. ಮತ್ತೆ ರೇಷನ್ ಕಾರ್ಡು ಊರಿನಲ್ಲಿತ್ತು, ಮತ್ತೆ ಒಬ್ಬರಿಗೆ ಕೋರ್ಟಿನ ರೂಢಿಯಿರಲಿಲ್ಲ. ಈ ಸಲ ನಾವು ಹೋಗಿ ನಿಂತೆವು. ಅರ್ಧ ದಿನ ಹೋಯಿತು, ಝೆರಾಕ್ಸಿಗೆ ಮೂವತ್ತು ರೂಪಾಯಿ. ಅಷ್ಟೇ! ಮನಸ್ಸಿಗೆ ಸಮಾಧಾನವಾಯಿತೆಂದು ಹೇಳಿದರೆ ಸುಳ್ಳಾದೀತು. ಐದು ವರ್ಷದ ಹಿಂದೆಯೂ ಇದು ಅರ್ಧ ದಿನದ ಕೆಲಸವೇ ಆಗಿತ್ತೆಂಬುದೊಂದೇ ತಲೆಯಲ್ಲಿತ್ತು.

ಜಾಮೀನು ನಿಲ್ಲುವುದರಲ್ಲಿ ಅಪಾಯವಿಲ್ಲವೆಂದು ನಾವು ಯಾರಿಗೂ ಹೇಳುವುದಿಲ್ಲ. ಆರೋಪಿ ತಾರೀಖಿಗೆ ಬಾರದೆ ಓಡಿಹೋದರೆ ಬರೆದುಕೊಟ್ಟ ಹಣವನ್ನು ಕಟ್ಟಬೇಕಾಗಿ ಬರಬಹುದು. ಆದುದರಿಂದ ಒಬ್ಬರ ಮೇಲೆ ಭಾರ ಬೀಳದಂತೆ ಸಂಘದ ನಿಧಿಯಿಂದ ಒಂದಂಶವನ್ನು ಬೇರೆ ಇಡಬೇಕೆಂದು ಮುಂದಿನ ಸಭೆಯಲ್ಲಿ ಸೂಚಿಸಲಿದ್ದೇವೆ. ಜಾಹೀರಾತಿನ ಪುಟ ಕಡಿಮೆಯಾದರೆ ಆಗಲಿ, ಸಂಚಿಕೆ ತೆಳುವಾದರೆ ಓದುವವರಿಗೆ ತೊಂದರೆಯಿಲ್ಲ.

ಮುಂಬಯಿ ವಿಳಾಸದ ರೇಷನ್ ಕಾರ್ಡು ಅಥವಾ ಬಾಡಿಗೆ ಕರಾರು, ಆಧಾರ್, ಮೂರು ತಿಂಗಳ ಸಂಬಳದ ಚೀಟಿ, ಎರಡು ಭಾವಚಿತ್ರ: ಇಷ್ಟಿರುವವರು ಭಾನುವಾರ ಸಂಜೆ ನಾಲ್ಕರ ಮೇಲೆ ಸಂಘದ ಕಚೇರಿಗೆ ಬಂದು ಹೆಸರು ಬರೆಸಬಹುದು. ಗಿರಣಿಯಿಂದ ನಿವೃತ್ತರಾಗಿ ಸ್ವಂತ ಖೋಲಿ ಉಳ್ಳ ಹಿರಿಯರು ಬಂದರೆ ಇನ್ನೂ ಒಳ್ಳೆಯದು, ಕೋರ್ಟಿನಲ್ಲಿ ಖೋಲಿಯ ಕಾಗದಕ್ಕೆ ಹೆಚ್ಚು ಬೆಲೆ. ಈವರೆಗೆ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿವೆ. ಮೊದಲನೆಯದು ಯೂನಿಯನ್ನಿನ ಮಾತು ಹೇಳಿ ಎದ್ದು ಹೋದ ಆ ಹಿರಿಯರದು, ನಮ್ಮದು ಎರಡನೆಯದು.